ಓಟದ ಮರುದಿನದ ನೋವು

ಕಾಲೇಜಿನ ವಾರ್ಷಿಕ ಕ್ರೀಡೆಗಳು ಸಮೀಪಿಸಿದಾಗಲೂ ಪೊಲೀಸ್ ನೇಮಕಾತಿಯ ಪ್ರಕಟಣೆ ಹೊರಟಾಗಲೂ ನಮ್ಮಲ್ಲಿ ಅನೇಕರಿಗೆ ಓಟದ ನೆನಪಾಗುತ್ತದೆ. ಮೊದಲ ದಿನ ಉತ್ಸಾಹದಿಂದ ಮೈದಾನವನ್ನು ಸುತ್ತಿದವರು ಮರುದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯುತ್ತಾರೆ. ಮೂರನೆಯ ದಿನ ಮೈದಾನದ ಕಡೆ ಸುಳಿಯುವುದಿಲ್ಲ. ಕಾನ್‌ಸ್ಟೇಬಲ್ ಹುದ್ದೆಗಾಗಿ 1600 ಮೀಟರ್ ಓಡಿ ತೋರಿಸಬೇಕಾದ ತರುಣನಿಗೆ ಈ ನೋವಿನ ಸ್ವರೂಪ ತಿಳಿಯದಿದ್ದರೆ ಉದ್ಯೋಗವೇ ಕೈತಪ್ಪಬಹುದು. ಆದುದರಿಂದ ಈ ವಿಷಯವನ್ನು ಕೊಂಚ ವಿಚಾರಿಸುವುದು ಉಚಿತ.

ಇದಕ್ಕೆಲ್ಲ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ನಂಬಿಕೆ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಓಟದಲ್ಲಿ ರಕ್ತಕ್ಕೆ ಸೇರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ಸಹಜ ಮಟ್ಟಕ್ಕೆ ಇಳಿಯುತ್ತದೆ. ನೋವಾದರೋ 24ರಿಂದ 72 ಗಂಟೆಗಳ ನಡುವೆ ಹೆಚ್ಚುತ್ತದೆ. ಅಂದೇ ಊರಿಗೆ ಹೊರಟುಹೋದ ನೆಂಟನು ಮೂರನೆಯ ದಿನ ಊಟಕ್ಕೆ ಕೂರುವನೆ? ಸ್ನಾಯುವಿನೊಳಗಿನ ಹರಿತವೇ ಇದರ ಮೂಲವಿರಬೇಕೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ 1902ರಲ್ಲಿಯೇ ಸೂಚಿಸಿದ್ದನು. ಪಾದ ನೆಲಕ್ಕೆ ತಗಲಿದಾಗ ತೊಡೆಯ ಸ್ನಾಯು ಮೈಭಾರವನ್ನು ತಡೆಯಲು ಬಿಗಿಯುತ್ತದೆ. ಅದೇ ಕ್ಷಣದಲ್ಲಿ ಮೊಣಕಾಲು ಬಾಗುವುದರಿಂದ ಉದ್ದಕ್ಕೂ ಎಳೆಯಲ್ಪಡುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಇದರಿಂದ ಅತಿಸೂಕ್ಷ್ಮ ಹಾನಿಯುಂಟಾಗಿ, ಅದು ಮಾಗುವ ಕ್ರಮದಲ್ಲಿ ನೋವು ತೋರುತ್ತದೆ. ಇಳಿಜಾರಿನಲ್ಲಿ ಓಡಿದವರಿಗೆ ನೋವು ಹೆಚ್ಚಾಗುವುದು ಈ ಕಾರಣದಿಂದಲೇ.

ಹಾಗಾದರೆ ಕೈಕಾಲು ಚಾಚುವ ವ್ಯಾಯಾಮ, ಅಂದರೆ ಸ್ಟ್ರೆಚಿಂಗ್, ಈ ನೋವನ್ನು ಕಳೆಯುವುದೆ? 12 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2011ರ ಕಾಕ್ರೇನ್ ವಿಮರ್ಶೆಯ ಉತ್ತರ ನಿರಾಶಾದಾಯಕ. ಓಟಕ್ಕೆ ಮೊದಲು ಮಾಡಲಿ, ನಂತರ ಮಾಡಲಿ, ಫಲ ಅತ್ಯಲ್ಪ. ನೋವನ್ನು ನೂರು ಅಂಕಗಳಲ್ಲಿ ಅಳೆದರೆ ಇಳಿಕೆ ನಾಲ್ಕು ಅಂಕವನ್ನು ಮೀರಲಿಲ್ಲ.

ಹಾಗೆಂದು ಅದು ನಿರರ್ಥಕವಲ್ಲ. ನಿತ್ಯವೂ ಮಾಡಿದರೆ ಕೀಲುಗಳ ಚಲನೆ ಸರಾಗವಾಗುತ್ತದೆ. ಬಿಗಿದ ಕಾಲಿಗೆ ತಾತ್ಕಾಲಿಕ ಹಾಯೆನಿಸುವುದೂ ಉಂಟು. ಗೋಡೆಗೆ ಎರಡು ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ವಾಲಿದರೆ ಮೀನಖಂಡ ಹಿಗ್ಗುತ್ತದೆ. ಒಂಟಿಕಾಲಿನಲ್ಲಿ ನಿಂತು ಇನ್ನೊಂದು ಪಾದವನ್ನು ಹಿಂದಿನಿಂದ ಹಿಡಿದರೆ ತೊಡೆಯ ಮುಂಭಾಗ ಹಿಗ್ಗುತ್ತದೆ. 15ರಿಂದ 30 ಸೆಕೆಂಡು ಹಿಡಿದರೆ ಸಾಕು. ಕುಪ್ಪಳಿಸಬಾರದು, ನೋಯುವಷ್ಟು ಎಳೆಯಬಾರದು.

ನಿಜವಾದ ಮದ್ದು ಕ್ರಮವಾದ ಅಭ್ಯಾಸ. ಒಮ್ಮೆ ನೊಂದು ಚೇತರಿಸಿಕೊಂಡ ಸ್ನಾಯು ಅದೇ ಶ್ರಮಕ್ಕೆ ಮುಂದಿನ ಸಲ ಅಷ್ಟು ನೋಯುವುದಿಲ್ಲ. ಆದುದರಿಂದ ಪರೀಕ್ಷೆಗೆ ಒಂದು ವಾರ ಮುಂಚೆಯಲ್ಲ, ಎರಡು ಮೂರು ತಿಂಗಳು ಮುಂಚೆಯೇ ಸ್ವಲ್ಪ ದೂರದಿಂದ ಆರಂಭಿಸಬೇಕು. ನೋವಿರುವ ದಿನ ಮೆಲ್ಲನೆ ನಡೆದಾಡಿದರೆ ಒಳ್ಳೆಯದು. ಸಾಮಾನ್ಯವಾಗಿ ಒಂದು ವಾರದೊಳಗೆ ಅದು ತಾನೇ ಶಮನವಾಗುತ್ತದೆ.

ಆದರೆ ಓಡುತ್ತಿರುವಾಗಲೇ ಒಂದೆಡೆ ಚಳಕು ಹೊಡೆದರೆ, ಊದಿಕೊಂಡರೆ, ಕಾಲೂರಲು ಆಗದಿದ್ದರೆ ಅದು ಬೇರೆಯ ಪೆಟ್ಟು. ತೀವ್ರ ನೋವಿನೊಡನೆ ಮೂತ್ರವು ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಅಪಾಯವಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಹಿಸಬೇಕಾದ ನೋವು ಯಾವುದು, ಅಲಕ್ಷಿಸಬಾರದ ನೋವು ಯಾವುದು ಎಂಬ ವಿವೇಕ ಓಟಗಾರನಿಗೆ ಕಾಲಿನ ಬಲದಷ್ಟೇ ಅವಶ್ಯಕ.