ಜೇಡಿಮಣ್ಣಿನ ಹಿಡಿತ

ತಿಗರಿಯ ಮೇಲಿನ ಹಸಿಮಣ್ಣು ಕುಂಬಾರನ ಬೆರಳು ಒತ್ತಿದತ್ತ ಬಾಗುತ್ತದೆ. ಬೆರಳು ತೆಗೆದ ಮೇಲೂ ಬಾಗಿದಂತೆಯೇ ನಿಲ್ಲುತ್ತದೆ. ಹೊಳೆಯ ಮರಳನ್ನು ಎಷ್ಟು ಕಲಸಿದರೂ ಈ ಗುಣ ಬಾರದು. ನೀರಿನಲ್ಲಿ ಕರಗಿದ ಸೀಸವನ್ನು ಸೆಳೆದು ಹಿಡಿಯುವ ಶಕ್ತಿಯೂ ಜೇಡಿಮಣ್ಣಿಗುಂಟು. ಇವೆರಡರ ಮೂಲವನ್ನೂ ನಾವು ಅದರ ಕಣಗಳ ರಚನೆಯಲ್ಲಿಯೇ ಹುಡುಕಬೇಕು.

ಮರಳಿನ ಕಣ ಹರಳು. ಜೇಡಿಯ ಕಣವಾದರೋ ಹಾಳೆಗಳ ಕಟ್ಟು. ನಮ್ಮ ಎರೆಭೂಮಿಯಲ್ಲಿ ಹೇರಳವಾಗಿರುವ ಜೇಡಿಯ ಬಳಗಕ್ಕೆ ಸೇರಿದ ಮಾಂಟ್‌ಮೊರಿಲೊನೈಟನ್ನು ತೆಗೆದುಕೊಳ್ಳೋಣ. ಇದರ ಒಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಗ್ರಾಮಿನಷ್ಟು ಜೇಡಿಯ ಪದರಗಳನ್ನೆಲ್ಲ ಬಿಡಿಸಿದರೆ ದೊರೆಯುವ ಮೇಲ್ಮೈ ಸುಮಾರು 700 ಚದರ ಮೀಟರು! ಪದರದೊಳಗೆ ಅಲ್ಯೂಮಿನಿಯಂ ಇರಬೇಕಾದ ಕೆಲವೆಡೆ ಮೆಗ್ನೀಸಿಯಂ ಕುಳಿತಿರುತ್ತದೆ. ಮೂರು ಧನಾಂಶಗಳ ಜಾಗದಲ್ಲಿ ಎರಡೇ ಇರುವುದರಿಂದ ಪದರದಲ್ಲಿ ಋಣವಿದ್ಯುತ್ತು ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂಗಳ ಧನ ಅಯಾನುಗಳು ನೀರಿನೊಡನೆ ಪದರಗಳ ನಡುವೆ ನೆಲಸುತ್ತವೆ. ಆ ನೀರಿನ ಮೇಲೆ ಪದರಗಳು ಜಾರುವುದರಿಂದಲೇ ಮಣ್ಣಿಗೆ ಮಿದುತನ.

ಈ ಅಯಾನುಗಳು ಅಲ್ಲಿ ಸ್ಥಿರವಾಸಿಗಳಲ್ಲ. ಸೀಸದ ಅಯಾನು ಬಂದರೆ ಕ್ಯಾಲ್ಸಿಯಂ ಸ್ಥಾನ ಬಿಟ್ಟು ನೀರಿಗೆ ಇಳಿಯುತ್ತದೆ. ಮಣ್ಣಿನ ಈ ವಿನಿಮಯ ಗುಣವನ್ನು ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ಎಂಬವರು 1850ರಲ್ಲಿಯೇ ವರದಿ ಮಾಡಿದರು. ಅವರು ನೋಡಿದ್ದು ಗೊಬ್ಬರದ ಅಮೋನಿಯವನ್ನು. ಲೆಕ್ಕದ ಪ್ರಕಾರ ಒಂದು ಗ್ರಾಂ ಒಳ್ಳೆಯ ಮಾಂಟ್‌ಮೊರಿಲೊನೈಟ್ ಸುಮಾರು 100 ಮಿಲಿಗ್ರಾಂ ಸೀಸವನ್ನು ಹಿಡಿಯಬಲ್ಲದು. ಎಳೆಯರ ಮಿದುಳನ್ನು ಕೆಡಿಸುವ ಈ ಲೋಹ ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕವಿದೆ. ಆದರೆ ಲೆಕ್ಕ ಬೇರೆ, ಕೊಡದ ನೀರು ಬೇರೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ತಾನೂ ಸ್ಥಾನಕ್ಕಾಗಿ ಸ್ಪರ್ಧಿಸುತ್ತದೆ. ಅಲ್ಲದೆ ನೀರಿನಲ್ಲಿ ಕದಡಿದ ಜೇಡಿ ಬೇಗನೆ ತಳಕ್ಕಿಳಿಯದು. ಆದುದರಿಂದ ಮನೆಯಲ್ಲಿ ಮಣ್ಣು ಕದಡಿ ನೀರು ಶುದ್ಧವಾಯಿತೆಂದು ಯಾರೂ ಭಾವಿಸಬಾರದು.

ವಿನೋದವೆಂದರೆ, ಸೀಸವನ್ನು ಚೆನ್ನಾಗಿ ಹಿಡಿಯುವ ಈ ಜೇಡಿ ಒಂಟಿಯಾಗಿ ಕುಂಬಾರನಿಗೆ ಒಗ್ಗದು. ಬೇಸಗೆಯ ಎರೆಹೊಲದಂತೆ ಒಣಗುವಾಗ ಬಿರಿಯುತ್ತದೆ. ಪಿಂಗಾಣಿಗೆ ಒದಗುವ ಬಿಳಿಯ ಕೇಓಲಿನ್ ಅಷ್ಟು ಕುಗ್ಗದು, ಆದರೆ ಅದರ ವಿನಿಮಯಶಕ್ತಿ ಇದರ ಹತ್ತನೆಯ ಒಂದು ಪಾಲಿನಷ್ಟು.

ಸೀಸ ತುಂಬಿದ ಜೇಡಿಯನ್ನು ಎಲ್ಲಿ ಹಾಕುವುದು? ತಿಪ್ಪೆಗೆ ಸುರಿದರೆ ಆಮ್ಲದ ನೀರು ತಾಗಿದಾಗ ಹೈಡ್ರೊಜನ್ ಅಯಾನುಗಳು ಸೀಸವನ್ನು ಮತ್ತೆ ಹೊರದೂಡುತ್ತವೆ. ಇಲ್ಲಿ ಆವಿಗೆಯ ವಿದ್ಯೆ ನೆರವಿಗೆ ಬರುತ್ತದೆ. ಕಾವು ಏರಿದಂತೆ ರಚನೆಯೊಳಗಿನ ನೀರು ಹೊರಟು ಪದರಗಳು ಕುಸಿಯುತ್ತವೆ. ಇನ್ನೂ ಏರಿದರೆ ಕರಗಿ ಗಾಜಾದ ಭಾಗದಲ್ಲಿ ಲೋಹ ಸಿಕ್ಕಿಕೊಳ್ಳುತ್ತದೆ. ಕಾವು ಅತಿಯಾದರೆ ಸೀಸ ಆವಿಯಾಗಿ ಹೊಗೆಯನ್ನು ಸೇರೀತು. ಸಾಲದಾದರೆ ಗಾಜು ಅರೆಬರೆಯಾದೀತು. ಸೀಸದ ಮೆರುಗನ್ನು ಬಳಿದು ಸರಿಯಾಗಿ ಸುಡದ ಪಾತ್ರೆಗಳಲ್ಲಿ ಆಗುವುದೂ ಇದೇ. ಅಂಥದರಲ್ಲಿ ಹುಣಿಸೆಯ ಹುಳಿಯನ್ನೋ ಉಪ್ಪಿನಕಾಯಿಯನ್ನೋ ಇಟ್ಟರೆ ಮೆರುಗಿನಲ್ಲಿದ್ದ ಸೀಸ ಊಟಕ್ಕೆ ಇಳಿಯುತ್ತದೆ.