ದೀಪ ಹಚ್ಚೋ ಹೊತ್ತಿಗೆ ಬತ್ತೀನಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಮನೆಮಂದಿಗೆಲ್ಲ ಬ್ಯಾರನ್ ಮುಂದೆಯೇ ವಾಸ. ಹಗಲೂ ರಾತ್ರಿ ಬೆಂಕಿ ಕಾಯಬೇಕು. ಕೆ.ಆರ್. ನಗರದಲ್ಲಿ ಭತ್ತದ ನಾಟಿ, ಎಚ್.ಡಿ. ಕೋಟೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟದ ಕೂಲಿ. ಆಗ ಕೂಸು ನೋಡಿಕೊಳ್ಳುವವರು ನಾವೇ, ಅಜ್ಜ-ಅಜ್ಜಿಯರು.

ನನ್ನ ಮೊಮ್ಮಗನಿಗೆ ಆಗ ಮೂರು ವರ್ಷ. ಸೊಸೆ ಹೊರಟರೆ ರಂಪ. ಅದಕ್ಕೆ ನಾನೊಂದು ಉಪಾಯ ಹೂಡಿದೆ. ಕೋಳಿಮರಿ ತೋರಿಸುವ ನೆಪದಲ್ಲಿ ಅವನನ್ನು ಹಿತ್ತಲಿಗೆ ಒಯ್ಯುವುದು, ಅಷ್ಟರಲ್ಲಿ ಅವಳು ಮುಂಬಾಗಿಲಿನಿಂದ ಜಾರಿಕೊಳ್ಳುವುದು. ಅಳು ತಪ್ಪಿತೆಂದು ಬೀಗಿದೆ. ಹದಿನೈದೇ ದಿನ! ಹುಡುಗ ಅಂಗನವಾಡಿಯಲ್ಲಿ ಜೊತೆಯವರನ್ನು ಕಚ್ಚತೊಡಗಿದ. ರಾತ್ರಿ ಹಾಸಿಗೆ ಒದ್ದೆ. ಅಮ್ಮ ನೀರಿಗೆ ಹೋದರೂ ಸೆರಗು ಬಿಡ. ಕೋಳಿಮರಿ ಕಂಡರಂತೂ ಕಿಟಾರನೆ ಕಿರುಚುವನು.

ಅಂಗನವಾಡಿ ಟೀಚರು ಹೇಳಿದರು: “ಅದು ಹಟವಲ್ಲ ಅಜ್ಜಿ, ಭಯ. ಅಮ್ಮ ಯಾವಾಗ ಮಾಯವಾಗುತ್ತಾಳೋ ಎಂದು ಕಾವಲು ಕಾಯುತ್ತಿದ್ದಾನೆ.”

ಮಕ್ಕಳೇ, ಎಳೆಗರುವನ್ನು ನೋಡಿದ್ದೀರಲ್ಲ? ನಾಲ್ಕು ಹೆಜ್ಜೆ ಜಿಗಿದು, ತಿರುಗಿ ತಾಯನ್ನು ನೋಡುತ್ತದೆ. ತಾಯಿ ಇದ್ದಾಳೆಂದು ಖಾತ್ರಿಯಾದರೆ ಇನ್ನೂ ನಾಲ್ಕು ಹೆಜ್ಜೆ. ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ 1950ರ ದಶಕದಲ್ಲಿ ಉಗಾಂಡದ ಹಳ್ಳಿಮನೆಗಳಿಗೆ ಹೋಗಿ ಹಸುಗೂಸುಗಳಲ್ಲೂ ಇದನ್ನೇ ಕಂಡರು. ಅದಕ್ಕೂ ಮೊದಲು, 1951ರಲ್ಲಿ, ಬ್ರಿಟನ್ನಿನ ವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ದೇಹಕ್ಕೆ ಪೋಷಕಾಂಶ ಹೇಗೋ ಮಗುವಿನ ಮನಸ್ಸಿಗೆ ಅಕ್ಕರೆಯ ನಂಟು ಹಾಗೆ ಎಂದಿದ್ದರು. ಆ ನಂಟು ತಾಯಿಯೊಬ್ಬಳ ಗುತ್ತಿಗೆಯೂ ಅಲ್ಲ. ಅಪ್ಪ, ಅಜ್ಜಿ, ತಾತನಿಗೂ ಕೂಸು ಅಂಟಿಕೊಳ್ಳುತ್ತದೆಂದು ಗ್ಲಾಸ್ಗೋ ನಗರದ ಅಧ್ಯಯನವೊಂದು 1964ರಲ್ಲಿ ತಿಳಿಸಿತು. ಆದರೆ ಆ ನಂಬಿಕೆಗೆ ನಾವು ಮೋಸ ಮಾಡಬಾರದಷ್ಟೆ.

ಮಾರನೆಯ ದಿನದಿಂದ ಸೊಸೆ ಅವನ ಕೆನ್ನೆ ಸವರಿ, “ದೀಪ ಹಚ್ಚೋ ಹೊತ್ತಿಗೆ ಬತ್ತೀನಿ ಕಣಪ್ಪ” ಎಂದು ಹೇಳಿಯೇ ಹೋದಳು. ಹೇಳಿದ ಹೊತ್ತಿಗೇ ಬಂದಳು. ಮೊದಲ ವಾರ ಬೀದಿಗೆಲ್ಲ ಕೇಳುವಂತೆ ಅತ್ತ. “ಸುಮ್ಮನಿರು” ಎನ್ನದೆ ಮಡಿಲಲ್ಲಿ ಕೂರಿಸಿಕೊಂಡೆ. ತಿಂಗಳೊಳಗೆ ಕಚ್ಚುವುದು ನಿಂತಿತು.

ಎಲ್ಲ ಮಕ್ಕಳ ತೊಂದರೆಗೂ ಇದೇ ಕಾರಣವೆಂದಲ್ಲ. ವಾರಗಟ್ಟಲೆ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಮಕ್ಕಳೇ, ನೀವೂ ತಮ್ಮ ತಂಗಿಯರಿಗೆ “ಅಮ್ಮ ನಿನ್ನ ಬಿಟ್ಟು ಹೋದ್ಳು” ಎಂದು ತಮಾಷೆಗೂ ಹೇಳಬೇಡಿ.

ಆಮೇಲೊಂದು ದಿನ ಮಧ್ಯಾಹ್ನ ಮೂರಕ್ಕೇ ಮೊಮ್ಮಗ ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ಟ. “ಅಜ್ಜಿ, ಈಗ್ಲೇ ದೀಪ ಹಚ್ಚು. ಅಮ್ಮ ಬೇಗ ಬತ್ತಾಳೆ!”