ರಿಯೊ ನೆತ್ತಿಯ ಮೇಲೆ ನೆಟ್ಟ ಕಾಡು

ಎಲೆಯುತೇರಿಯೊ, ಕೊನ್ಸ್ತಾಂತಿನೊ, ಮನುವೆಲ್, ಮತೇವುಸ್, ಲಿಯೊಪೋಲ್ದೊ, ಮರಿಯಾ.

ಬ್ರೆಜಿಲ್‌ನ ರಿಯೊ ಡಿ ಜನೈರೊಗೆ ಒಬ್ಬರೇ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಬೇರೆಯದೇ ಪಟ್ಟಿ ಇರುತ್ತದೆ. ಕೋಪಕಬಾನಾ ಕಡಲತೀರ, ಶುಗರ್‌ಲೋಫ್ ಬಂಡೆಗೆ ಕೇಬಲ್ ಕಾರು, ಕೊರ್ಕೊವಾದೊ ತುದಿಯಲ್ಲಿ ಕೈಚಾಚಿ ನಿಂತ ಕ್ರಿಸ್ತ, ರಾತ್ರಿ ಲಾಪಾ ಬೀದಿಗಳ ಸಾಂಬಾ. ಇವೆಲ್ಲ ನೋಡಬೇಕಾದವೇ. ಆದರೆ ಒಂಟಿ ಪ್ರವಾಸಿಗೆ ಆ ಊರಿನಲ್ಲಿ ಒಂದು ದಿನ ಪೂರ್ತಿ ಬಿಡುವು ಸಿಕ್ಕರೆ ಅದನ್ನು ತಿಜುಕ ಕಾಡಿಗೆ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಗೆ ಹೋಗುವ ಮೊದಲು ಮೇಲಿನ ಆರು ಹೆಸರುಗಳು ಗೊತ್ತಿರಬೇಕು. ಇವರು ಆರೂ ಜನ ಗುಲಾಮರು. 1862ರಲ್ಲಿ ಬೋಳು ಗುಡ್ಡಗಳ ಮೇಲೆ ಗುಂಡಿ ತೋಡಿ ಸಸಿ ನೆಡಲು ನಿಂತವರು.

ಕ್ರಿಸ್ತನ ಪ್ರತಿಮೆಗೆ ಹಲ್ಲುಗಾಲಿಯ ರೈಲು ಹತ್ತಿ ಹೋಗುವವರು ಇಪ್ಪತ್ತು ನಿಮಿಷ ಈ ಕಾಡಿನೊಳಗೇ ಸಾಗುತ್ತಾರೆ. ಕಿಟಕಿಯಾಚೆ ಬಳ್ಳಿ, ಜರಿಗಿಡ, ಆಕಾಶ ಮುಚ್ಚುವ ಮರಗಳು. ಸೃಷ್ಟಿಯ ದಿನದಿಂದಲೂ ಹೀಗೇ ಇತ್ತು ಎನ್ನಿಸುವಷ್ಟು ದಟ್ಟ. ಊರ ನಡುವೆ ಹೀಗೆ ಎದ್ದು ನಿಂತಿರುವ ತಿಜುಕ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 3,950 ಹೆಕ್ಟೇರು. ಇನ್ನೂರು ವರ್ಷದ ಹಿಂದೆ ಇದೇ ಇಳಿಜಾರುಗಳಲ್ಲಿ ಬಹುಪಾಲು ಕಾಫಿ ಇತ್ತು.

ಕಾಫಿ ಎಂದೊಡನೆ ನಮಗೆ ಕೊಡಗು, ಚಿಕ್ಕಮಗಳೂರಿನ ತೋಟಗಳು ಕಣ್ಣಿಗೆ ಬರುತ್ತವೆ. ಮೇಲೆ ಅತ್ತಿ, ಹಲಸು, ಸಿಲ್ವರ್ ಓಕ್, ಕೆಳಗೆ ನೆರಳಿನಲ್ಲಿ ಗಿಡ. ರಿಯೊ ಬೆಟ್ಟಗಳಲ್ಲಿ ನಡೆದದ್ದು ಆ ಬಗೆಯ ಬೇಸಾಯವಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದ ಕಾಡು ಕಡಿದು, ಸುಟ್ಟು, ಬಿಸಿಲಿಗೇ ಕಾಫಿ ಸಾಲು ಹಚ್ಚಿದರು. ದುಡಿದವರು ಆಫ್ರಿಕಾದಿಂದ ಹಡಗಿನಲ್ಲಿ ತಂದ ಗುಲಾಮರು. ಮಳೆಗೆ ಮೇಲ್ಮಣ್ಣು ಕೊಚ್ಚಿ ಹೋಯಿತು, ಇಳುವರಿ ಬಿತ್ತು, ಕಾಫಿ ಪರಾಯಿಬಾ ಕಣಿವೆಯತ್ತ ಸರಿಯಿತು. ಹಿಂದೆ ಉಳಿದದ್ದು ಬೋಳು ಗುಡ್ಡ.

ಬೋಳು ಗುಡ್ಡದ ಬೆಲೆ ಊರಿಗೆ ಗೊತ್ತಾದದ್ದು ನಲ್ಲಿಯಲ್ಲಿ. ರಿಯೊ ಕುಡಿಯುತ್ತಿದ್ದದ್ದು ಈ ಬೆಟ್ಟಗಳಿಂದ ಇಳಿಯುವ ಕರಿಯೋಕ ಮತ್ತಿತರ ತೊರೆಗಳ ನೀರನ್ನು. ಲಾಪಾದಲ್ಲಿ ಇಂದು ಪ್ರವಾಸಿಗಳು ಫೋಟೊ ತೆಗೆಯುವ 42 ಕಮಾನುಗಳ ಬಿಳಿ ಕಟ್ಟಡ ಮೂಲತಃ ಆ ನೀರನ್ನು ಊರೊಳಗೆ ತರಲು 1750ರಲ್ಲಿ ಮುಗಿದ ಮೇಲ್ಗಾಲುವೆ. ಅದರ ಮೇಲೆ ಟ್ರಾಮ್ ಓಡಿದ್ದು 1896ರಿಂದ ಈಚೆಗೆ. ತೊರೆಯ ಸುತ್ತ ಮರ ಕಡಿಯಬಾರದೆಂದು ಅರಸ ಆರನೆಯ ಜೊವಾಂವ್ 1817ರಲ್ಲೇ ಆಜ್ಞೆ ಹೊರಡಿಸಿದ್ದ. ಕೇಳಿದವರಾರು? 1840ರ ದಶಕದಲ್ಲಿ ಬರ ಬಿದ್ದು ತೊರೆಗಳು ಸೊರಗಿದವು. ಸರ್ಕಾರ ಕಡೆಗೂ ಬೆಟ್ಟದ ತೋಟಗಳನ್ನು ಒಂದೊಂದಾಗಿ ವಶಪಡಿಸಿಕೊಳ್ಳತೊಡಗಿತು.

1861ರ ಡಿಸೆಂಬರ್‌ನಲ್ಲಿ ಚಕ್ರವರ್ತಿ ಎರಡನೆಯ ಪೆದ್ರೊನ ಸರ್ಕಾರ ತಿಜುಕ ಮತ್ತು ಪೈನೇರಾಸ್ ಬೆಟ್ಟಗಳಲ್ಲಿ ಕಾಡು ನೆಡುವ ಆದೇಶ ಹೊರಡಿಸಿತು. ತಿಜುಕದ ಹೊಣೆ ಮೇಜರ್ ಮನುವೆಲ್ ಗೋಮೆಸ್ ಆರ್ಚರ್‌ಗೆ ಬಂತು. ರಿಯೊದ ಪಶ್ಚಿಮಕ್ಕೆ ಗ್ವಾರಾತಿಬದಲ್ಲಿ ಆತನ ಸ್ವಂತ ಜಮೀನಿತ್ತು, ಮರಗಳ ಬಗ್ಗೆ ನಿಜವಾದ ತಿಳಿವಳಿಕೆಯೂ ಇತ್ತು. ಕೈಗೆ ಕೊಟ್ಟ ಆಳುಗಳು ಮಾತ್ರ ಆ ಆರು ಗುಲಾಮರು. ಕೂಲಿಯಾಳುಗಳು ಸೇರಿಕೊಂಡದ್ದು ಆಮೇಲೆ.

ಕೆಲಸ ಹೇಗಿತ್ತೆಂದು ಒಮ್ಮೆ ಊಹಿಸಿಕೊಳ್ಳಿ. ಸಸಿಗಳು ಗ್ವಾರಾತಿಬದ ಜಮೀನಿನಿಂದ ಬರಬೇಕು, ಇಲ್ಲವೇ ಪೈನೇರಾಸ್ ಕಡೆ ಅಳಿದುಳಿದ ಕಾಡಿನ ತಳದಿಂದ ಬೇರು ಹರಿಯದಂತೆ ಎತ್ತಿ ತರಬೇಕು. ಸಸಿಗಳನ್ನು ನೇರ ಸಾಲುಗಳಲ್ಲಿ, ತೊರೆಗಳ ಎರಡೂ ದಡದಿಂದ ಶುರುಮಾಡಿ ನೆಡಬೇಕೆಂದು ಆದೇಶದಲ್ಲೇ ಬರೆದಿತ್ತು. ಕಾಗದದ ಮೇಲೆ ನೇರ ಗೆರೆ ಎಳೆಯುವುದು ಸುಲಭ. ಕಾಲು ಜಾರುವ ಇಳಿಜಾರಿನಲ್ಲಿ, ಮಣ್ಣು ತೊಳೆದು ಹೋದ ನೆಲದಲ್ಲಿ, ಮಳೆಗಾಲದ ಕೆಸರಿನಲ್ಲಿ ಹಾರೆ ಹಾಕಿ ಆ ಗೆರೆಯನ್ನು ಎಳೆದವರು ಇವರು. ನೆಟ್ಟ ಮೇಲೆ ಕಳೆ ಕೀಳಬೇಕು, ಸತ್ತ ಸಸಿಯ ಜಾಗಕ್ಕೆ ಇನ್ನೊಂದು ತರಬೇಕು. 1874ರವರೆಗೆ, ಹದಿಮೂರು ವರ್ಷಗಳಲ್ಲಿ, ಸುಮಾರು ಒಂದು ಲಕ್ಷ ಮರ ನೆಟ್ಟರೆಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹೆಚ್ಚಿನವು ಆ ನೆಲದವೇ ಆದ ಅಟ್ಲಾಂಟಿಕ್ ಕಾಡಿನ ಜಾತಿಗಳು. ಜಗತ್ತಿನ ಬಹುಭಾಗದಲ್ಲಿ ಕಾಡೆಂದರೆ ಕಡಿಯುವ ಸರಕು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, ನೀರಿಗಾಗಿ ಕಾಡನ್ನು ಮರಳಿ ಕಟ್ಟಿದ ಕೆಲಸ ಇದು.

ನನಗೆ ಸಿಟ್ಟು ಬರುವುದು ಇದನ್ನು ಹೇಳುವ ರೀತಿಗೆ. ಪೆದ್ರೊ ಕಾಡು ಬೆಳೆಸಿದ, ಆರ್ಚರ್ ಕಾಡು ಬೆಳೆಸಿದ ಎಂದು ಹೇಳಿ ಮುಗಿಸುವ ಕೈಪಿಡಿಗಳಿಗೆ ಲೆಕ್ಕವಿಲ್ಲ. ಆರ್ಚರ್‌ನ ಶ್ರದ್ಧೆಯನ್ನು ಕಡೆಗಣಿಸುವ ಮಾತೇ ಇಲ್ಲ. ಆದರೆ ಗುಲಾಮರ ಬಗ್ಗೆ ನಮಗೆ ದಕ್ಕಿರುವುದು ಹೆಸರುಗಳಷ್ಟೇ. ಕಾಫಿಗಾಗಿ ಈ ಬೆಟ್ಟ ಬೋಳಿಸಿದ ಕೈಗಳೂ ಗುಲಾಮರವೇ, ಮತ್ತೆ ಹಸಿರು ಹೊದಿಸಿದ ಕೈಗಳೂ ಗುಲಾಮರವೇ. ಎರಡಕ್ಕೂ ಅವರಿಗೆ ಕೂಲಿಯಿಲ್ಲ. ಬ್ರೆಜಿಲ್ ಗುಲಾಮಗಿರಿ ರದ್ದು ಮಾಡಿದ್ದು 1888ರ ಮೇ 13ರಂದು, ಅಮೆರಿಕ ಖಂಡಗಳಲ್ಲೇ ಕಟ್ಟಕಡೆಯದಾಗಿ. ಮೊದಲ ಸಸಿ ಇಳಿದು ಇಪ್ಪತ್ತಾರು ವರ್ಷದ ನಂತರ.

ಕೈಯಿಂದ ನೆಟ್ಟದ್ದೆಷ್ಟು, ಕಾಡು ತಾನಾಗಿ ಮರಳಿದ್ದೆಷ್ಟು ಎಂಬ ಜಗಳವೂ ಇದೆ. ಒಂದು ಲಕ್ಷ ಮರ ಇಷ್ಟು ವಿಸ್ತಾರವನ್ನು ತುಂಬಲಾರದು. ಕಾಫಿ ಬಿಟ್ಟುಹೋದ ಜಾಗದಲ್ಲಿ ಹಕ್ಕಿ, ಗಾಳಿ ತಂದ ಬೀಜದಿಂದ ಬಹಳಷ್ಟು ತಾನೇ ಚಿಗುರಿತು ಎನ್ನುವವರ ಮಾತು ಸರಿ. ಅದರಿಂದ ಆರು ಜನರ ಕೆಲಸ ಸಣ್ಣದಾಗುವುದಿಲ್ಲ. ತೊರೆಯ ದಂಡೆಗಳಲ್ಲಿ ಮೊದಲ ನೆರಳು ಕೊಟ್ಟದ್ದು ಅವರು ನೆಟ್ಟ ಸಾಲು. ಇಂದು ಆ ಸಾಲುಗಳನ್ನು ಗುರುತಿಸಲಾಗದಂತೆ ಕಾಡು ನುಂಗಿಕೊಂಡಿದೆ.

ಮುಂದಿನ ಕತೆ ಬೇಗ ಮುಗಿಯುತ್ತದೆ. ಆರ್ಚರ್‌ನ ನಂತರ ಬಂದ ಬ್ಯಾರನ್ ಎಸ್ಕ್ರಾನ್ಯೋಲ್, ಫ್ರೆಂಚ್ ಉದ್ಯಾನ ತಜ್ಞ ಗ್ಲಾಝಿಯುವನ್ನು ಕರೆದುಕೊಂಡು ದಾರಿ, ಸೇತುವೆ, ನೋಟದ ಜಾಗಗಳನ್ನು ಮಾಡಿಸಿ ಕಾಡನ್ನು ವಿಹಾರವನವಾಗಿಸಿದ. ಅರಸೊತ್ತಿಗೆ ಹೋದ ಮೇಲೆ ದಶಕಗಟ್ಟಲೆ ಹಾಳು ಸುರಿಯಿತು. 1943ರಲ್ಲಿ ಕಲಾಸಂಗ್ರಾಹಕ ಕಾಸ್ತ್ರೊ ಮಾಯಾ ಸಾಂಕೇತಿಕವಾಗಿ ಒಂದು ಕ್ರೂಝೇರೊ ಸಂಬಳಕ್ಕೆ ಅದರ ಉಸ್ತುವಾರಿ ಹೊತ್ತು ದುರಸ್ತಿ ಮಾಡಿಸಿದ. 1961ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಈ ಕಾಡಿನಲ್ಲಿ ಕನ್ನಡಿಗರು ತಟ್ಟನೆ ನಿಲ್ಲುವ ಒಂದು ಜಾಗವಿದೆ, ಅದು ಹಲಸಿನ ಮರದ ಕೆಳಗೆ. ನಮ್ಮ ಪಶ್ಚಿಮ ಘಟ್ಟದ ಹಲಸನ್ನು ಪೋರ್ಚುಗೀಸರು ಹದಿನೇಳನೆಯ ಶತಮಾನದಲ್ಲೇ ಬ್ರೆಜಿಲ್‌ಗೆ ಒಯ್ದರು. ಕಾಡು ನೆಡುವಾಗ ಅದೂ ಹೊಕ್ಕಿತು, ಹೊಕ್ಕಿದ್ದು ಹಬ್ಬಿತು. ಅಲ್ಲಿನ ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದ ತಿಂಗಳುಗಳಲ್ಲಿ, ಹಣ್ಣು ಬಿದ್ದು ಒಡೆದು ದಾರಿಯುದ್ದಕ್ಕೂ ವಾಸನೆ. ನೀಳ ಮೂತಿಯ ಕ್ವಾತಿಗಳು, ಮಂಗಗಳು ತೊಳೆ ತಿಂದು ಮುಗಿಸುತ್ತವೆ. ಒಂದೊಂದು ಮರದ ಕೆಳಗೂ ಮೊಳಕೆಗಳು ಒತ್ತೊತ್ತಾಗಿ ಎದ್ದು, ಅಲ್ಲಿನದೇ ಸಸಿಗಳಿಗೆ ಬೆಳಕು ಸಿಗದಂತೆ ಮಾಡುತ್ತವೆ. ಅದಕ್ಕೇ ಉದ್ಯಾನದವರು ಕೆಲವು ಹಲಸಿನ ಮರಗಳ ಕಾಂಡದ ಸುತ್ತ ತೊಗಟೆ ಸುಲಿದು ನಿಂತಲ್ಲೇ ಒಣಗಿಸುತ್ತಾರೆ. ನಮ್ಮವರ ಕರುಳು ಚುರುಕ್ಕೆನ್ನುವ ನೋಟ. ಆದರೂ ಅವರು ಮಾಡುತ್ತಿರುವುದು ಸರಿ. ಘಟ್ಟದಲ್ಲಿ ನಮ್ಮ ಕಾಡನ್ನು ಲಂಟಾನ ಹೇಗೆ ತಿಂದಿದೆ ಎಂದು ಕಂಡವರು ಅದನ್ನು ಅಲ್ಲಗಳೆಯಲಾರರು. ಊರೊಳಗೆ ಮಾತ್ರ ಹಲಸಿಗೆ ಹೊಸ ಮರ್ಯಾದೆ ಬಂದಿದೆ. ನಾವು ಬಕ್ಕೆ, ಅಂಬಲಿ ಎಂದು ವಿಂಗಡಿಸುವಂತೆ ಅವರೂ ಗಟ್ಟಿ ತೊಳೆ, ಮೆತ್ತನೆ ತೊಳೆ ಎಂದು ಬೇರೆ ಮಾಡುತ್ತಾರೆ. ಎಳೆಗಾಯಿಯನ್ನು ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಕೋಳಿಮಾಂಸದ ಬದಲು ಕೊಶೀನ್ಯ ಎಂಬ ಕರಿದ ತಿಂಡಿಯೊಳಗೆ ತುಂಬುತ್ತಾರೆ. ಸಸ್ಯಾಹಾರಿ ಪ್ರವಾಸಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ರಿಯೊದಲ್ಲಿ ಕಡಿಮೆ.

ಕಾಡಿನಿಂದ ಕಾಣೆಯಾದ ಪ್ರಾಣಿಗಳನ್ನೂ ಈಗ ಮರಳಿ ತರುತ್ತಿದ್ದಾರೆ. ಬೀಜ ಹೂತಿಟ್ಟು ಮರೆಯುವ ಅಗೂಟಿ ಎಂಬ ದಂಶಕ 2010ರ ಹೊತ್ತಿಗೆ, ಊಳಿಡುವ ಹೌಲರ್ ಕೋತಿ 2015ರಲ್ಲಿ, ಹಳದಿ ಕಾಲಿನ ಆಮೆ 2020ರಲ್ಲಿ ಬಂದವು. ಮರ ನೆಡುವುದು ಅರ್ಧ ಕೆಲಸ. ಅದರ ಬೀಜ ಹೊರುವ ಬಾಯಿಯೂ ಬೇಕು.

ಒಬ್ಬರೇ ಹೋಗುವವರಿಗೆ ನಾಲ್ಕು ಮಾತು. ಮೆಟ್ರೊದಲ್ಲಿ ಸಾಯೆನ್ಸ್ ಪೇನ್ಯ ನಿಲ್ದಾಣಕ್ಕೆ ಬಂದು ಆಲ್ತೊ ದ ಬೋವ ವಿಸ್ತಕ್ಕೆ ಬಸ್ಸು ಹಿಡಿಯಿರಿ. ಗೇಟು ದಾಟಿ ಸ್ವಲ್ಪ ನಡೆದರೆ ಸುಮಾರು 35 ಮೀಟರ್ ಎತ್ತರದಿಂದ ಬೀಳುವ ಕಸ್ಕತೀನ್ಯ ಜಲಪಾತ. ಯಾವ ತೊರೆಗಳಿಗಾಗಿ ಇಷ್ಟೆಲ್ಲ ನಡೆಯಿತೋ ಅವುಗಳಲ್ಲೊಂದನ್ನು ಅಲ್ಲಿ ನಿಂತು ನೋಡಬಹುದು. ಕಾಲಿಗೆ ಕಸುವಿದ್ದರೆ ಬೋಂ ರೆತೀರೊದಿಂದ ತಿಜುಕ ಶಿಖರದ ದಾರಿ ಹಿಡಿಯಿರಿ. ಎತ್ತರ ಸುಮಾರು 1,020 ಮೀಟರ್, ಕೊನೆಯಲ್ಲಿ ಬಂಡೆಯಲ್ಲೇ ಕೊರೆದ 117 ಮೆಟ್ಟಿಲು, ಹಿಡಿಯಲು ಸರಪಳಿ. 1920ರಲ್ಲಿ ಬೆಲ್ಜಿಯಂ ದೊರೆ ಆಲ್ಬರ್ಟ್ ಬರುತ್ತಾನೆಂದು ಕೊರೆಸಿದ್ದು. ಪಾರ್ಕೆ ಲಾಜೆಯಿಂದ ಕೊರ್ಕೊವಾದೊಗೆ ಹತ್ತುವ ಕಾಲುದಾರಿಯಲ್ಲಿ ಮಾತ್ರ ಒಬ್ಬರೇ ಹೋಗಬೇಡಿ. ಅಲ್ಲಿ ಸುಲಿಗೆ ನಡೆದದ್ದುಂಟು. ಜೊತೆ ಬೇಕೆಂದರೆ 1919ರಿಂದ ನಡೆಯುತ್ತಿರುವ ಸೆಂತ್ರೊ ಎಸ್ಕುರ್ಸಿಯೊನಿಸ್ತ ಬ್ರಸಿಲೇರೊ ಎಂಬ ಚಾರಣ ಸಂಘವಿದೆ. ಬಂದರಿನ ಬಳಿಯ ವಲೋಂಗೊ ಕಟ್ಟೆಗೂ ಒಂದು ಗಂಟೆ ಇಡಿ. ಸುಮಾರು ಒಂಬತ್ತು ಲಕ್ಷ ಆಫ್ರಿಕನ್ನರು ಗುಲಾಮರಾಗಿ ಬಂದಿಳಿದ ಜಾಗವದು. ಮಣ್ಣಿನಡಿ ಹೂತುಹೋಗಿದ್ದ ಅದರ ಕಲ್ಲುಹಾಸು 2011ರಲ್ಲಿ ಕಾಮಗಾರಿಯ ವೇಳೆ ಮತ್ತೆ ಸಿಕ್ಕಿತು. ಕಾಡು ಮತ್ತು ಕಟ್ಟೆ ಎರಡನ್ನೂ ನೋಡಿದರೆ ಮಾತ್ರ ರಿಯೊ ನೋಡಿದಂತೆ.

ತಿಜುಕ ಕಾಡಿನ ಗೇಟು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಕ್ರಿಸ್ತನ ಪ್ರತಿಮೆಗೆ ಟಿಕೆಟ್ ಕೊಳ್ಳಬೇಕು. ಈ ಗೇಟಿನಲ್ಲಿ ದುಡ್ಡು ಕೇಳುವುದಿಲ್ಲ.